ಟೈಲರಮ್ಮನ ಬಾಗಿಲಲ್ಲಿ ಹತ್ತೊಂಬತ್ತು ಗೆರೆ

ಹಿಟ್ಟಿನ ಗಿರಣಿ ಅಂದಮೇಲೆ ಕೆಮ್ಮು ಇದ್ದದ್ದೇ. ಬೆಳಗ್ಗೆ ಬೆಲ್ಟು ತಿರುಗತೊಡಗಿದರೆ ಧೂಳು ಏಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ಗಿರಣಿಯಣ್ಣನ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತದೆ.

"ನಮ್ಮ ಯಜಮಾನರಿಗೆ ದಿನಾ ಹತ್ತು ಗಂಟೆಗೆ ವಯಸ್ಸಾಗತ್ತೆ, ಸ್ನಾನ ಆದಮೇಲೆ ಮತ್ತೆ ಪ್ರಾಯ ಬರತ್ತೆ" ಎಂದು ಅವನ ಹೆಂಡತಿ ಗಿರಣಿಯಕ್ಕ ಎಲ್ಲರನ್ನೂ ನಗಿಸುತ್ತಿದ್ದಳು.

ಹಾಗಾಗಿ ಅವನು ಕೆಮ್ಮಲು ಶುರುಮಾಡಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೊಂದು ಹೆಸರೂ ಇತ್ತು, ಗಿರಣಿ ಕೆಮ್ಮು. ಅವನ ಅಪ್ಪನಿಗೂ ಇತ್ತು. ಕೆಮ್ಮು ಬಂದಾಗ ಗಿರಣಿಯಣ್ಣ ಎರಡು ಗುಟುಕು ಬಿಸಿನೀರು ಕುಡಿಯುತ್ತಿದ್ದ, ಆಮೇಲೆ ಒಂದೂವರೆ ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ನೆಲದ ಮೇಲೆ ಬಿದ್ದ ಕಾಳನ್ನೆಲ್ಲ ಹೆಕ್ಕುವ ಆ ಮಗುವಿಗೆ ಮನೆಯವರು ಗುಬ್ಬಿ ಎಂದು ಹೆಸರಿಟ್ಟಿದ್ದರು. ತಾತನ ತೊಡೆ ಬಿಟ್ಟರೆ ಗುಬ್ಬಿಗೆ ಬೇರೆ ಜಾಗ ಬೇಕಿರಲಿಲ್ಲ.

ಗಿರಣಿಯ ಎದುರಿಗೆ, ಎಂಟು ಹೆಜ್ಜೆ ಅಗಲದ ಬೀದಿಯ ಆಚೆ, ಟೈಲರಮ್ಮನ ಅಂಗಡಿ. ಹೋದ ವರ್ಷ ಗಾಳಿಗೆ ಗಿರಣಿಯ ಹಿಟ್ಟು ಹಾರಿ ಅವಳು ಹೊಲಿದಿಟ್ಟಿದ್ದ ನೀಲಿ ಸಮವಸ್ತ್ರಗಳೆಲ್ಲ ಬೂದಿ ಬಣ್ಣವಾಗಿದ್ದವು. ಅವತ್ತು ಗಿರಣಿಯಕ್ಕನೂ ಅವಳೂ ಬೀದಿಗಿಳಿದು ಜಗಳವಾಡಿದ್ದರು. ಆಮೇಲೆ ಅವರ ನಡುವೆ ಮಾತು ಅಷ್ಟಕ್ಕಷ್ಟೇ.

ಹೀಗಿರುವಾಗ ಒಂದು ದಿನ ಟೈಲರಮ್ಮ ತಾನಾಗಿಯೇ ಬೀದಿ ದಾಟಿ ಬಂದಳು. "ಅಕ್ಕಾ, ಅಣ್ಣನ ಕೆಮ್ಮು ಎಷ್ಟು ದಿನದಿಂದ ಇದೆ?"

ಗಿರಣಿಯಕ್ಕನ ಕಿವಿ ನೆಟ್ಟಗಾಯಿತು. "ಯಾಕಮ್ಮ? ನಿನ್ನ ಬಟ್ಟೆ ಮೇಲೇನಾದ್ರೂ ಬಿತ್ತಾ?"

"ಹಾಗಲ್ಲ. ಸಂಜೆ ಹೊತ್ತು ಮೈ ಬಿಸಿ ಆಗತ್ತಾ? ಅವರ ಅಂಗಿ ನಾನೇ ಹೊಲಿದದ್ದು. ಕತ್ತಿನ ಪಟ್ಟಿ ಸರಿಯಾಗಿ ಕೂರ್ತಿತ್ತು. ಈಗ ಎರಡು ಬೆರಳು ಹಿಡಿಸೋ ಹಾಗೆ ಕಾಣತ್ತೆ."

"ನಮ್ಮ ಯಜಮಾನರ ಕತ್ತಿನ ಮೇಲೆ ನಿನಗೇನು ಕಣ್ಣು?" ಎಂದಳು ಗಿರಣಿಯಕ್ಕ. ಹಿಟ್ಟಿಗೆ ಕಾದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಟೈಲರಮ್ಮ ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದಳು.

ಗಿರಣಿಯಕ್ಕ ಮಾತ್ರ ನಗಲಿಲ್ಲ. ಅವತ್ತಿನಿಂದ ಅವಳು ಎದುರಂಗಡಿಯನ್ನು ಕದ್ದು ನೋಡತೊಡಗಿದಳು. ಯಜಮಾನ ಕೆಮ್ಮಿದರೆ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಕೆಮ್ಮು ನಿಂತಮೇಲೆ ಯಂತ್ರ ಮತ್ತೆ ಓಡುತ್ತಿತ್ತು. ಒಂದು ಸಲ ಆದರೆ ಏನೋ ಅನ್ನಬಹುದು. ಪ್ರತಿಸಲವೂ ಹಾಗೇ ಆದರೆ?

ಒಂದು ಬೆಳಗ್ಗೆ ಅವಳು ಇನ್ನೊಂದು ಕಂಡಳು. ಟೈಲರಮ್ಮ ಅಂಗಡಿ ತೆಗೆದವಳೇ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಚೌಕಟ್ಟಿನ ಮೇಲೆ ಒಂದು ಗೆರೆ ಎಳೆದಳು. ಅಲ್ಲಿ ಆಗಲೇ ಸಾಲಾಗಿ ಗೆರೆಗಳಿದ್ದವು. ಮಾರನೆಯ ದಿನ ಇನ್ನೊಂದು ಬಿತ್ತು.

"ಲೆಕ್ಕ ಇಡ್ತಿದಾಳೆ" ಎಂದಳು ಗಿರಣಿಯಕ್ಕ ಸೊಸೆಯ ಹತ್ತಿರ. "ಗಿರಣಿ ಎಷ್ಟು ದಿನ ಧೂಳು ಹಾರಿಸ್ತು ಅಂತ ಬರೆದಿಟ್ಟುಕೊಂಡು ಎಲ್ಲೋ ದೂರು ಕೊಡ್ತಾಳೆ ನೋಡ್ತಿರು."

"ಅಂಗಿ ಅಳತೆ ಇರಬಹುದು ಅತ್ತೆ."

"ಚೌಕಟ್ಟಿಗೇನು ಅಂಗಿ ಹೊಲಿತಾಳಾ?"

ಸಂಶಯ ಒಮ್ಮೆ ಹೊಕ್ಕಿತು ಅಂದರೆ ಹಳೆಯದೆಲ್ಲ ನೆನಪಾಗುತ್ತದೆ. ಮೂರು ವರ್ಷದ ಹಿಂದೆ ಟೈಲರಮ್ಮ ಆರು ತಿಂಗಳು ಅಂಗಡಿ ಮುಚ್ಚಿದ್ದಳು. ದೂರದ ಅಕ್ಕನ ಮನೆಗೆ ಹೋಗಿ ಕಸೂತಿ ಕಲಿತು ಬಂದೆ ಎಂದು ಹೇಳಿದ್ದಳು. "ಆರು ತಿಂಗಳು ಕಲಿತವಳು ಇವತ್ತಿನವರೆಗೆ ಒಂದು ಹೂವಾದ್ರೂ ಹಾಕಿದ್ದಾಳಾ? ಅವಳ ಮಾತಲ್ಲಿ ಏನೋ ಇದೆ" ಎಂದು ಗಿರಣಿಯಕ್ಕ ಪಾತ್ರೆ ಉಜ್ಜುತ್ತ ತನ್ನಷ್ಟಕ್ಕೆ ಗೊಣಗಿದಳು.

ಅದಾದ ಕೆಲವೇ ದಿನಕ್ಕೆ ಆಸ್ಪತ್ರೆಯ ನರ್ಸಮ್ಮ ಗಿರಣಿಗೆ ಬಂದಳು. ಕೈಯಲ್ಲಿ ಮುಚ್ಚಳವಿರುವ ಒಂದು ಪುಟ್ಟ ಡಬ್ಬಿ.

"ಅಣ್ಣಾ, ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ರೆ ಕಫ ಪರೀಕ್ಷೆ ಮಾಡಿಸಬೇಕು. ಬೆಳಗ್ಗೆ ಎದ್ದ ತಕ್ಷಣ ಬಯಲಲ್ಲಿ ನಿಂತು ಈ ಡಬ್ಬಿಗೆ ಕಫ ಹಾಕಿ ಕೊಡಿ. ದುಡ್ಡೇನೂ ಇಲ್ಲ."

"ನನಗೇನಾಗಿದೆ ತಾಯಿ? ಹಿಟ್ಟು ಹೋಗಿದೆ ಗಂಟಲಿಗೆ, ಅಷ್ಟೇ" ಎಂದು ಗಿರಣಿಯಣ್ಣ ಒಂದು ಮೂಟೆ ಎತ್ತಿ ತೋರಿಸಿದ. ಎತ್ತಿದವನು ಅದನ್ನು ಇಳಿಸುವಷ್ಟರಲ್ಲಿ ಗೋಡೆ ಹಿಡಿದು ಕೆಮ್ಮಿದ.

"ಹಿಟ್ಟೇ ಇರಬಹುದು. ಆದರೆ ಅದನ್ನ ಹೇಳಬೇಕಾದ್ದು ಪರೀಕ್ಷೆ, ನೀವೂ ಅಲ್ಲ ನಾನೂ ಅಲ್ಲ" ಎಂದಳು ನರ್ಸಮ್ಮ.

ಗಿರಣಿಯಕ್ಕ ಅಡ್ಡ ಬಂದಳು. "ಇಷ್ಟು ಜನರ ಮುಂದೆ ಡಬ್ಬಿ ತಂದಿದ್ದೀಯಲ್ಲ, ನಾಳೆ ನಮ್ಮ ಗಿರಣಿಗೆ ಯಾರು ಬರ್ತಾರೆ? ನಿನ್ನನ್ನ ಕಳಿಸಿದ್ದು ಯಾರು?"

ನರ್ಸಮ್ಮ ಹೇಳುವ ಅಗತ್ಯವೇ ಇರಲಿಲ್ಲ. ಎದುರಿಗೆ ಯಂತ್ರದ ಸದ್ದು ನಿಂತಿತ್ತು.

ಗಿರಣಿಯಕ್ಕ ಹಿಟ್ಟಿನ ಕೈಯಲ್ಲೇ ಬೀದಿ ದಾಟಿದಳು. ಹಿಂದೆಯೇ ನಾಲ್ಕಾರು ಹೆಂಗಸರು ಬಂದರು. ಅವಳು ಚೌಕಟ್ಟಿನ ಮೇಲೆ ಬೆರಳಿಟ್ಟು ಗೆರೆಗಳನ್ನು ಎಣಿಸಿದಳು. ಹತ್ತೊಂಬತ್ತು.

"ಏನಿದು? ನಮ್ಮ ಮನೆ ಮೇಲೆ ಏನು ಬರೆದಿಟ್ಟಿದ್ದೀಯಾ?"

"ಅಣ್ಣ ಕೆಮ್ಮಿದ ದಿನಗಳು ಅಕ್ಕಾ. ನಾನು ಎಣಿಸೋಕೆ ಶುರು ಮಾಡಿದ ಮೇಲಿಂದ. ಹದಿನಾಲ್ಕು ದಾಟಿದ ಮೇಲೆ ನಾನೇ ನರ್ಸಮ್ಮನಿಗೆ ಹೇಳಿದೆ."

"ಕೆಮ್ಮು ಎಣಿಸೋಕೆ ನೀನು ಯಾರು? ಡಾಕ್ಟರಾ? ಸಂಜೆ ಬಿಸಿಯಂತೆ, ಕತ್ತಿನ ಪಟ್ಟಿಯಂತೆ. ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?"

ಟೈಲರಮ್ಮ ತಲೆ ಎತ್ತಿ ಹೆಂಗಸರನ್ನು ನೋಡಿದಳು. ಅವರೆಲ್ಲ ಅವಳ ಗಿರಾಕಿಗಳೇ. ಹಿಂದಿನ ಗೂಟಗಳಲ್ಲಿ ಅವರದೇ ಬಟ್ಟೆಗಳು ತೂಗುತ್ತಿದ್ದವು. 'ಯಾರೋ ಹೇಳಿದ್ರು' ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕತ್ತರಿಯನ್ನು ಕೆಳಗಿಟ್ಟಳು.

"ನನಗೂ ಇತ್ತು" ಎಂದಳು. "ಟಿ.ಬಿ. ನಾನು ಅಕ್ಕನ ಮನೆಗೆ ಹೋದದ್ದು ಕಸೂತಿ ಕಲಿಯೋಕಲ್ಲ. ಔಷಧಿ ತಗೊಳ್ಳೋಕೆ. ನಿಮಗೆ ಗೊತ್ತಾದ್ರೆ ಬಟ್ಟೆ ಕೊಡೋದಿಲ್ಲ ಅಂತ ಸುಳ್ಳು ಹೇಳಿದ್ದೆ."

ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಕೆಮ್ಮಿಗೂ ಒಂದು ಹೆಸರಿಟ್ಟಿದ್ದೆ ಅಕ್ಕಾ. ನೂಲಿನ ಧೂಳು ಅಂತ. ಮೂರು ತಿಂಗಳು ಹಾಗೇ ಕೂತೆ. ಆಗ ಅಕ್ಕನ ಮಗು ನನ್ನ ಹತ್ತಿರ ಇತ್ತು, ನನ್ನ ಪಕ್ಕದಲ್ಲೇ ಮಲಗ್ತಿತ್ತು. ಅದಕ್ಕೂ ಹತ್ತಿತು. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿತ್ತು. ಉಳೀತು, ಉಳಿಯದೇ ಇರಬಹುದಿತ್ತು. ಈಗ ನಮ್ಮಿಬ್ಬರಿಗೂ ಪೂರ್ತಿ ವಾಸಿಯಾಗಿದೆ. ಆದರೆ ದಿನಾ ಗುಬ್ಬಿ ತಾತನ ತೊಡೆ ಮೇಲೆ ಕೂತಿರೋದು ನನಗೆ ಇಲ್ಲಿಂದ ಕಾಣತ್ತೆ. ಹೊಲಿಗೆ ಹಾಕೋಕೆ ಕೈ ಬರೋದಿಲ್ಲ."

ಮೊದಲು ಮಾತಾಡಿದ್ದು ಮೂಲೆಮನೆಯ ಸೊಸೆ. "ನನ್ನ ಬಟ್ಟೆ ಕೊಟ್ಟುಬಿಡಿ."

"ತೋಳು ಇನ್ನೂ ಹಚ್ಚಿಲ್ಲ."

"ಪರವಾಗಿಲ್ಲ. ಹಾಗೇ ಕೊಡಿ."

ಅವಳು ತೋಳಿಲ್ಲದ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದಳು. ಆ ಅಂಗಿಯನ್ನು ಎರಡು ಸಲ ಕುದಿಯುವ ನೀರಿಗೆ ಹಾಕಿದಳಂತೆ. ಬಟ್ಟೆಯಿಂದ ಆ ಕಾಯಿಲೆ ಬರುವುದಿಲ್ಲ ಎಂದು ನರ್ಸಮ್ಮ ಬೀದಿಯಲ್ಲಿ ನಿಂತು ಕೂಗಿ ಹೇಳಿದರೂ ಕೇಳುವವರಿರಲಿಲ್ಲ. ನಾಲ್ಕು ದಿನದಲ್ಲಿ ಟೈಲರಮ್ಮನ ಗೂಟಗಳು ಖಾಲಿಯಾದವು. ಅವಳು ಮಾತ್ರ ಬೆಳಗ್ಗೆ ಬಂದು ಬಾಗಿಲು ತೆಗೆಯುತ್ತಿದ್ದಳು, ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು, ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಗೆರೆ ಎಳೆಯುತ್ತಿದ್ದಳು. ಅದನ್ನು ಮಾತ್ರ ಬಿಡಲಿಲ್ಲ.

ಗಿರಣಿಯಕ್ಕನಿಗೆ ಆಗಲೂ ಸಂಶಯ ಹೋಗಲಿಲ್ಲ. ಅವಳದು ಅಷ್ಟು ಸುಲಭಕ್ಕೆ ನಂಬುವ ಜೀವ ಅಲ್ಲ. ಕಾಳು ಕೊಟ್ಟವರ ಡಬ್ಬಿಗೂ ಕೈ ಹಾಕಿ ತಳದಲ್ಲಿ ಕಲ್ಲಿದೆಯಾ ಎಂದು ನೋಡುವವಳು. ಈ ಮಾತನ್ನೂ ಅವಳು ಹಾಗೇ ತಳದವರೆಗೆ ಕೆದಕಿದಳು.

"ಇದರಲ್ಲಿ ಅವಳಿಗೇನೋ ಲಾಭ ಇರಲೇಬೇಕು" ಎಂದಳು.

"ಏನು ಲಾಭ ಅತ್ತೆ?" ಸೊಸೆ ಗುಬ್ಬಿಗೆ ಊಟ ಮಾಡಿಸುತ್ತಿದ್ದಳು.

"ಗಿರಣಿ ಮುಚ್ಚಿಸೋದು."

"ಗಿರಣಿ ಮುಚ್ಚಿಸಬೇಕಿದ್ರೆ ಮಾವನ ಮೇಲೆ ಹೇಳಿದ್ರೆ ಸಾಕಿತ್ತಲ್ಲ. ತನ್ನ ಮೇಲೆ ಯಾಕೆ ಹೇಳಿಕೊಂಡ್ರು?"

ಲಾಭಕ್ಕೆ ಸುಳ್ಳು ಹೇಳುವವರನ್ನು ಗಿರಣಿಯಕ್ಕ ಬೇಕಾದಷ್ಟು ಕಂಡಿದ್ದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳಲು ಯಾರೂ ಸುಳ್ಳು ಹೇಳಿದ್ದನ್ನು ಕಂಡಿರಲಿಲ್ಲ.

ಮಧ್ಯಾಹ್ನ ಯಜಮಾನ ಅಂಗಿ ತೊಟ್ಟೇ ಅಡ್ಡಾಗಿದ್ದ. ಅವಳು ಮೆಲ್ಲಗೆ ಪಕ್ಕದಲ್ಲಿ ಕೂತು, ಗುಂಡಿ ಹಾಕಿದ ಕತ್ತಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿದಳು. ಸಲೀಸಾಗಿ ಹೋದವು. ಮೂರನೆಯದೂ ಹೋಯಿತು. ಬೆರಳಿಗೆ ತಗುಲಿದ ಮೈ ಕಾದಿತ್ತು.

"ಏನೇ ಅದು? ಕತ್ತು ಹಿಸುಕ್ತೀಯಾ?" ಎಂದ ಅವನು ಕಣ್ಣು ಬಿಟ್ಟು.

"ಹಿಸುಕಿಲ್ಲ. ನಾಳೆ ಬೆಳಗ್ಗೆ ಡಬ್ಬಿಗೆ ಕಫ ಹಾಕದಿದ್ರೆ ಹಿಸುಕ್ತೀನಿ."

ಮಾರನೆಯ ದಿನ ಡಬ್ಬಿ ಆಸ್ಪತ್ರೆಗೆ ಹೋಯಿತು. ಫಲಿತಾಂಶ ಬಂತು. ಹಿಟ್ಟಲ್ಲ, ಟಿ.ಬಿ.ಯೇ.

ನರ್ಸಮ್ಮ ಮನೆಯವರನ್ನೆಲ್ಲ ಕೂರಿಸಿ ಬಿಡಿಸಿ ಹೇಳಿದಳು. ಮಾತ್ರೆ ಆರು ತಿಂಗಳು, ಒಂದು ದಿನವೂ ತಪ್ಪಬಾರದು. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ನಿಂತು ಮೈ ಹಗುರಾಗಬಹುದು. ವಾಸಿಯಾಯಿತು ಅಂತ ಅರ್ಧಕ್ಕೆ ಬಿಟ್ಟರೆ ಕಾಯಿಲೆ ಇನ್ನೂ ಗಟ್ಟಿಯಾಗಿ ತಿರುಗಿ ಬರುತ್ತದೆ. ಡಾಕ್ಟರು ಸಾಕು ಅನ್ನುವವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಿಟಕಿ ತೆರೆದ ಕೋಣೆಯಲ್ಲಿ ಬೇರೆ ಮಲಗಬೇಕು.

"ತಟ್ಟೆ ಲೋಟ ಬೇರೆ ಇಡಬೇಕಾ?" ಎಂದಳು ಗಿರಣಿಯಕ್ಕ.

"ಬೇಡ. ತಟ್ಟೆಯಿಂದ, ಬಟ್ಟೆಯಿಂದ, ಕೈ ಮುಟ್ಟಿದ್ರಿಂದ ಇದು ಬರೋದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಬರತ್ತೆ. ಅದಕ್ಕೇ ಮನೆಯವರೆಲ್ಲರಿಗೂ ಪರೀಕ್ಷೆ ಆಗಬೇಕು. ಮೊದಲು ಮಗುವಿಗೆ."

ಆ ಪರೀಕ್ಷೆ ಮುಗಿಯುವವರೆಗೆ ಗಿರಣಿಯಕ್ಕ ಗುಬ್ಬಿಯನ್ನು ಕಂಕುಳಿಂದ ಇಳಿಸಲಿಲ್ಲ. ಗುಬ್ಬಿಗಾಗಲಿ ಮನೆಯ ಉಳಿದವರಿಗಾಗಲಿ ಕಾಯಿಲೆ ಹತ್ತಿರಲಿಲ್ಲ. ಮುಂದೆ ಹತ್ತದಿರಲೆಂದು ಡಾಕ್ಟರು ಗುಬ್ಬಿಗೂ ಔಷಧಿ ಕೊಟ್ಟರು. "ಇನ್ನೆರಡು ತಿಂಗಳು ಬಿಟ್ಟು ಬಂದಿದ್ರೆ ನಾನು ಈ ಮಾತು ಹೇಳೋಕೆ ಆಗ್ತಿತ್ತೋ ಇಲ್ಲವೋ" ಎಂದರು.

ಈಗ ಗಿರಣಿಯನ್ನು ಗಿರಣಿಯಕ್ಕನೇ ನಡೆಸಬೇಕಾಯಿತು. ಮೊದಲ ದಿನ ಬಾಗಿಲು ತೆಗೆದಾಗ ಹೊರಗೆ ಹನ್ನೊಂದು ಡಬ್ಬಿ ಸಾಲಾಗಿದ್ದವು.

"ಅಣ್ಣ ಎಲ್ಲಿ?" ಎಂದಳು ಮೂಲೆಮನೆಯ ಸೊಸೆ.

ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ತಂಗಿ ಮನೆಗೆ ಹೋಗಿದ್ದಾರೆ, ಬರೋದು ತಡವಾಗತ್ತೆ. ಅಷ್ಟು ಹೇಳಿದ್ದರೆ ಹನ್ನೊಂದು ಡಬ್ಬಿಯೂ ಉಳಿಯುತ್ತಿತ್ತು. ಗಿರಣಿಯಕ್ಕ ಅವಳ ಭುಜದ ಮೇಲಿಂದ ಬೀದಿಯಾಚೆ ನೋಡಿದಳು. ಖಾಲಿ ಗೂಟಗಳು. ನಿಂತ ಯಂತ್ರ.

"ಒಳಗೆ ಮಲಗಿದ್ದಾರೆ. ಟಿ.ಬಿ. ಆಗಿದೆ, ಮಾತ್ರೆ ನುಂಗ್ತಿದಾರೆ. ಟೈಲರಮ್ಮ ಹೇಳಿದ್ದು ನಿಜ. ನಾನು ನಿಮ್ಮೆಲ್ಲರ ಮುಂದೆ ಅವಳನ್ನ ಬೈದೆ, ಅದಕ್ಕೇ ನಿಮ್ಮೆಲ್ಲರ ಮುಂದೆ ಹೇಳ್ತಿದೀನಿ. ಹಿಟ್ಟು ಬೇಕಾದವರು ಇರಿ, ಬೇಡದವರು ಡಬ್ಬಿ ಎತ್ತಿಕೊಳ್ಳಿ."

ಸಾಲಿನಿಂದ ನಾಲ್ಕು ಡಬ್ಬಿ ಎದ್ದವು. ಏಳು ಉಳಿದವು. ಮೂಲೆಮನೆಯ ಸೊಸೆ ಡಬ್ಬಿ ಎತ್ತಿದವಳು ನಿಂತಳು. ದನಿ ತಗ್ಗಿಸಿದಳು. "ಅಕ್ಕಾ, ನಮ್ಮ ಅತ್ತೆಗೂ ಒಂದು ತಿಂಗಳಿಂದ ಕೆಮ್ಮು. ಆ ನರ್ಸಮ್ಮ ಮತ್ತೆ ಯಾವಾಗ ಬರ್ತಾರೆ?"

"ಕಾಯಬೇಡ. ಆಸ್ಪತ್ರೆಗೆ ಇವತ್ತೇ ಕರಕೊಂಡು ಹೋಗು."

ಏಳು ಡಬ್ಬಿಯ ಹಿಟ್ಟು ಮುಗಿಸಿ ಗಿರಣಿಯಕ್ಕ ಕೈ ತೊಳೆದಳು. ಒಂದು ತುಂಡು ಬಟ್ಟೆ ಮತ್ತು ಗುಬ್ಬಿ, ಎರಡನ್ನೂ ಕಂಕುಳಿಗೆ ಏರಿಸಿಕೊಂಡು ಬೀದಿ ದಾಟಿದಳು.

"ಇವಳಿಗೊಂದು ಲಂಗ ಹೊಲಿ. ಅಳತೆ ಸರಿಯಾಗಿ ತಗೋ, ನಿನ್ನನ್ನ ನಾನಿನ್ನೂ ಪೂರ್ತಿ ನಂಬಿಲ್ಲ."

ಟೈಲರಮ್ಮ ಅಳತೆ ಪಟ್ಟಿ ಹುಡುಕಿದಳು. ಅದು ಕೊರಳಲ್ಲೇ ಇತ್ತು. ಅವಳ ಕಣ್ಣು ಮಂಜಾಗಿತ್ತು.

"ಆ ಸೀಮೆಸುಣ್ಣ ಒಂದು ತುಂಡು ಕೊಡು" ಎಂದಳು ಗಿರಣಿಯಕ್ಕ. "ನೀನು ಕೆಮ್ಮು ಎಣಿಸಿದ್ದು ಸಾಕು. ಇನ್ನು ಮಾತ್ರೆ ನಾನು ಎಣಿಸ್ತೀನಿ."

ಈಗ ಗಿರಣಿಯ ಬಾಗಿಲ ಚೌಕಟ್ಟಿನ ಮೇಲೆ ಗೆರೆಗಳಿವೆ. ದಿನಕ್ಕೊಂದು, ಯಜಮಾನ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದ ಮೇಲೆ. ಗಂಡನ ಮಾತನ್ನೂ ಅವಳು ನೋಡದೆ ನಂಬುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕೆಮ್ಮಿಗೆ ನೀವೇನು ಹೆಸರಿಟ್ಟಿದ್ದೀರಿ? ಒಲೆ ಕೆಮ್ಮೇ? ಧೂಳಿನ ಕೆಮ್ಮೇ? ಚಳಿಯ ಕೆಮ್ಮೇ? ಹೆಸರು ಏನಾದರೂ ಇರಲಿ, ದಿನ ಎಣಿಸಿ. ಎರಡು ವಾರ ದಾಟಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ಅಂಗಿ ಸಡಿಲವಾಗುತ್ತಿದ್ದರೆ, ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಸಂಶಯ ಪಡುವುದಾದರೆ ಕೆಮ್ಮಿನ ಮೇಲೆ ಪಡಿ. ನಿಮ್ಮ ಬೀದಿಯಲ್ಲಿ ಯಾರಾದರೂ ಎಲ್ಲರ ಮುಂದೆ "ನನಗೂ ಇತ್ತು" ಎಂದು ಹೇಳಿದರೆ, ಅವರ ಗೂಟದಿಂದ ನಿಮ್ಮ ಬಟ್ಟೆ ತೆಗೆಯಬೇಡಿ. ಇನ್ನೊಂದು ಬಟ್ಟೆ ಒಯ್ದು ಕೊಡಿ.