ಐದನೇ ಬೆಂಕಿ

"ಇನ್ನೊಂದ್ಸಲ ಸಾಯಿ," ಎಂದರು ಚಿಕ್ಕಮ್ಮ, ಮರದ ಸ್ಕೇಲನ್ನು ಕತ್ತಿಯಂತೆ ಎತ್ತಿ ಹಿಡಿದು. "ಮಿಂಚು ಹೊಡೆದೋರು ಕುರ್ಚಿ ಎಲ್ಲಿದೆ ಅಂತ ನೋಡ್ಕೊಂಡು ಕೂರ್ತಾರೇನೆ?"

ಆಟಗಳನ್ನು ಆಡಿ ನೋಡುವ ಪರೀಕ್ಷಕಿ ಎದ್ದು ನಿಂತು ಮತ್ತೆ ಸತ್ತಳು. ಈ ಸಲ ಕುರ್ಚಿ ತಪ್ಪಿ ನೆಲಕ್ಕೆ ಕೂತು, "ಅಯ್ಯಪ್ಪಾ, ಜುಮ್ಮಂತು!" ಎಂದಳು. ಚಿಕ್ಕಮ್ಮನಿಗೆ ಬೇಕಾಗಿದ್ದು ಅದೇ. ಮಿಂಚಿನ ಸಣ್ಣ ಹೊಡೆತಕ್ಕೆ 'ಜುಮ್' ಎಂದು ಹೆಸರಾಯಿತು.

ಜಪಾನಿನ ವಿಡಿಯೋ ಗೇಮುಗಳು ಕನ್ನಡವಾಗುತ್ತಿದ್ದ ಆ ಕಚೇರಿಯಲ್ಲಿ ಕೆಲಸ ನಡೆಯುತ್ತಿದ್ದುದೇ ಹೀಗೆ. ಪಾತ್ರಗಳು ಯುದ್ಧದಲ್ಲಿ ಹೆಸರು ಕೂಗಿ ಬಿಡುವ ವಿಶೇಷ ಪೆಟ್ಟುಗಳಿಗೆ ನಿಘಂಟು ನೋಡಿ ಹೆಸರಿಡುವಂತಿರಲಿಲ್ಲ. ಒಬ್ಬರು ಹೊಡೆಯಬೇಕು, ಒಬ್ಬರು ಹೊಡೆಸಿಕೊಳ್ಳಬೇಕು, ಬಾಯಿಗೆ ಬಂದದ್ದನ್ನು ಹಿಡಿದುಕೊಳ್ಳಬೇಕು. ಹೊಸದಾಗಿ ಬಂದವರು ಇದು ಯಾವ ಹುಚ್ಚರ ಸಂತೆ ಎಂದುಕೊಳ್ಳುತ್ತಿದ್ದರು. ಸ್ವಲ್ಪ ದಿನಕ್ಕೆ ತಾವೂ ಕತ್ತಿಯಂತೆ ಕೊಡೆ ಹಿಡಿದು ಬರುತ್ತಿದ್ದರು.

ಯಾರಿಗೂ ಚಿಕ್ಕಮ್ಮನಲ್ಲದ, ಅನುವಾದಕರಲ್ಲೆಲ್ಲ ಹಿರಿಯರಾದ ಈ ಚಿಕ್ಕಮ್ಮ ಮಾಡಿಟ್ಟ ವರ್ಗೀಕರಣವನ್ನು ಮೆಚ್ಚದೆ ಇರಲಾಗದು. ಜಪಾನಿ ಆಟಗಳಲ್ಲಿ ಮಂತ್ರ ಬಲವಾದಂತೆ ಅದರ ಹೆಸರಿನ ಕೊನೆಗೆ ಒಂದೆರಡು ಅಕ್ಷರಗಳ ಬಾಲ ಬೆಳೆಯುತ್ತದೆ. ಅಲ್ಲಿಯವರಿಗೆ ಬಾಲ ನೋಡಿದರೆ ಸಾಕು, ಬಲ ಗೊತ್ತಾಗುತ್ತದೆ. ಆ ಬಾಲಗಳನ್ನೇ ಎತ್ತಿ ತಂದರೆ ನಮ್ಮವರಿಗೆ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಚಿಕ್ಕಮ್ಮ ಬೆಂಕಿಗೆ ಕಿಡಿ, ಕೆಂಡ, ಉರಿ, ಕಾಡ್ಗಿಚ್ಚು ಎಂದು ಮೆಟ್ಟಿಲು ಕಟ್ಟಿದರು. ನೀರಿಗೆ ಹನಿ, ತೊರೆ, ಹೊಳೆ, ಕಡಲು. ಕೆಂಡ ಕೈಯಲ್ಲಿರುವವನಿಗೆ ತನ್ನ ಮುಂದೆ ಇನ್ನೂ ಉರಿ ಇದೆ, ಕಾಡ್ಗಿಚ್ಚು ಇದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎಷ್ಟು ಸುಲಭ ಅನ್ನಿಸುತ್ತದೆ, ಬೇರೆಯವರು ಮಾಡಿಟ್ಟ ಮೇಲೆ.

ಈಗ ಬೆಂಕಿಗೆ ಐದನೇ ಮೆಟ್ಟಿಲು ಬೇಕಾಗಿತ್ತು. ಹೊಸ ಆಟದಲ್ಲಿ ಊರಬಾಗಿಲು ಕಾಯುವ ಮುದುಕನೊಬ್ಬನಿದ್ದ. ಅವನು ಸಾಯುವ ಮುಂಚೆ ಒಂದೇ ಒಂದು ಸಲ ಬಿಡುವ ಪೆಟ್ಟು. ಪರದೆ ತುಂಬ ಬೆಂಕಿ, ಶತ್ರುಗಳೆಲ್ಲ ಬೂದಿ. ಜಪಾನಿನಿಂದ ಬಂದ ಹಾಳೆಯಲ್ಲಿ ವರ್ಗ 'ಬೆಂಕಿ' ಎಂದೇ ಇತ್ತು. ವ್ಯವಸ್ಥಾಪಕರು ಆಗಲೇ 'ಐದನೇ ಬೆಂಕಿ ಬರುತ್ತಿದೆ' ಎಂದು ಜಾಹೀರಾತು ಬರೆಸಿದ್ದರು.

ಹೆಸರಿಡುವ ಕೆಲಸ ಮಾತ್ರೆಯ ಪಾಲಿಗೆ ಬಂದಿತ್ತು. ಔಷಧಿ ಡಬ್ಬಿಯೊಳಗಿನ ಚೀಟಿಗಳನ್ನು ಅನುವಾದಿಸುತ್ತಿದ್ದವಳು ಇಲ್ಲಿಗೆ ಬಂದದ್ದರಿಂದ ಅವಳಿಗೆ ಆ ಅಡ್ಡಹೆಸರು. ಮೊದಲ ವಾರ ವಿಷದ ಬಾಣಕ್ಕೆ 'ವಾಂತಿ ಸಾಧ್ಯತೆ' ಎಂದು ಹೆಸರಿಟ್ಟು ಕಚೇರಿಯನ್ನೆಲ್ಲ ನಗಿಸಿದ್ದಳು. ಇವತ್ತು ಅವಳ ಪ್ರಯೋಗದ ಅವಧಿ ಮುಗಿಯುತ್ತಿತ್ತು. ಈ ಹೆಸರು ಕೂಡಿಬಂದರೆ ಕೆಲಸ ಖಾಯಂ, ಇಲ್ಲವಾದರೆ ಮತ್ತೆ ಆ ಚೀಟಿಗಳು. ಅವಳಿಗೆ ಅಲ್ಲಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಸ್ಕೇಲು ಹಿಡಿದು ಹೊಡೆದಾಡುವ ಈ ಜನ ಅವಳಿಗೆ ಅಷ್ಟು ಹಿಡಿಸಿಬಿಟ್ಟಿದ್ದರು.

"ಪ್ರಳಯಾಗ್ನಿ?" ಎಂದಳು.

"ದೊಡ್ಡದಾಗಿದೆ. ಬಿಸಿ ಇಲ್ಲ."

"ಮಹಾಜ್ವಾಲೆ?"

"ಅಂಗಡಿ ಬೋರ್ಡ್ ಥರ ಇದೆ," ಎಂದರು ಚಿಕ್ಕಮ್ಮ. "ಕೂತು ಯೋಚಿಸಿದ್ರೆ ಇಂಥವೇ ಬರೋದು. ಎದ್ದು ನಿಲ್ಲು. ನೀನೇ ಮುದುಕ."

ಮಾತ್ರೆ ಆಟ ಪರೀಕ್ಷಿಸುವ ಕೋಣೆಯ ಬಾಗಿಲಲ್ಲಿ ನಿಂತಳು. ಪರದೆಯ ಮೇಲಿನ ಮುದುಕನಂತೆ ಎರಡೂ ಕೈ ಚಾಚಿ ಚೌಕಟ್ಟು ಹಿಡಿದಳು. ಒಳಗೆ ಅವಳ ಬೆನ್ನ ಹಿಂದೆ ಪರೀಕ್ಷಕಿ ಕಾಲು ಮಡಚಿ ಕೂತು, ಮುದುಕನ ಹಿಂದೆ ಅಡಗಿರುವ ಊರಿನ ಮಕ್ಕಳ ಪಾತ್ರ ವಹಿಸಿದಳು. ಹೊರಗಿನಿಂದ ಚಿಕ್ಕಮ್ಮ ಇಡೀ ಸೈನ್ಯವಾಗಿ ಸ್ಕೇಲು ಬೀಸಿಕೊಂಡು ನುಗ್ಗಿ ಬಂದರು. ವಯಸ್ಸಾದರೂ ಆ ಬರುವಿಕೆಯಲ್ಲಿ ತಮಾಷೆ ಇರಲಿಲ್ಲ. ಮಾತ್ರೆ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಅವಳ ಬಾಯಿಗೆ ಯಾವ ಬೆಂಕಿಯೂ ಬರಲಿಲ್ಲ. ಕತ್ತು ಮಾತ್ರ ತಾನಾಗಿ ಹಿಂದಕ್ಕೆ ಹೊರಳಿತು, ಪರೀಕ್ಷಕಿಯ ಕಡೆಗೆ.

"ಎದುರಿಗಿರೋಳು ನಾನು," ಎಂದು ಚಿಕ್ಕಮ್ಮ ಗದರಿದರು. "ಅಲ್ಲೇನು ನೋಡ್ತೀಯ?"

"ಮುದುಕನೂ ನೋಡ್ತಾನೆ," ಎಂದಳು ಮಾತ್ರೆ.

"ಯಾವಾಗ?"

"ಬೆಂಕಿ ಏಳೋಕೆ ಮುಂಚೆ ಒಂದೇ ಒಂದ್ಸಲ ಹಿಂದೆ ತಿರುಗ್ತಾನೆ. ನಾನು ದಿನಾ ನೋಡಿದೀನಿ, ಸುಮ್ಮನೆ ಕತ್ತು ಹೊರಳಿಸ್ತಾನೆ ಅಂದ್ಕೊಂಡಿದ್ದೆ." ಅವಳ ಕೈ ಇನ್ನೂ ಚೌಕಟ್ಟಿನ ಮೇಲೇ ಇತ್ತು. "ಉಳಿದ ಪೆಟ್ಟುಗಳ ಹೆಸರೆಲ್ಲ ಶತ್ರುಗಳ ಕಡೆ ತಿರುಗಿ ಕೂಗೋದು. ಇವನು ಕೂಗೋದು ಮಕ್ಕಳಿಗೆ. 'ನಾನಿದ್ದೀನಿ' ಅಂತಾನೆ, ಅಷ್ಟೇ."

ಚಿಕ್ಕಮ್ಮ ಸ್ಕೇಲು ಇಳಿಸಿದರು. ಅವಳ ತೋಳಿನಡಿ ನುಸುಳಿ ಒಳಗೆ ಹೋಗಿ ಆ ದೃಶ್ಯವನ್ನು ಹಾಕಿಸಿಕೊಂಡು ನೋಡಿದರು. ಮುದುಕ ಹಿಂದೆ ತಿರುಗಿದ. ಅಷ್ಟು ವರ್ಷ ಇಂಥದನ್ನೇ ನೋಡಿ ಪಳಗಿದ ಕಣ್ಣಿಗೂ ಅದು ತಪ್ಪಿಹೋಗಿತ್ತು. ಅವರಿಗೆ ಅದರಿಂದ ಮುಜುಗರವಾಗಲಿಲ್ಲ, ಖುಷಿಯಾಯಿತು.

"ಬೆಂಕಿ ಸಾಲಿಂದ ತೆಗೆದುಬಿಡು," ಎಂದರು ಪರೀಕ್ಷಕಿಗೆ. "ಕಾಪಾಡೋ ಮಂತ್ರಗಳ ಸಾಲಿಗೆ ಹಾಕು. ಹೆಸರು ಇವಳು ಹೇಳಿದ್ದೇ."

ಚಹಾದ ಕಪ್ಪು ಹಿಡಿದು ಬಂದ ವ್ಯವಸ್ಥಾಪಕರಿಗೆ ಸುದ್ದಿ ಕೇಳಿ ಮುಖ ಸಣ್ಣದಾಯಿತು. ಮಾತ್ರೆ ಒಂದು ಕೈ ತೆಗೆದು ಅವರನ್ನು ಒಳಗೆ ಬಿಟ್ಟಳು.

"ಶತ್ರುಗಳೆಲ್ಲ ಸುಟ್ಟುಹೋಗೋದನ್ನ ಕಾಪಾಡೋದು ಅಂದ್ರೆ ಹೇಗಮ್ಮ? ಊರಿಗೆಲ್ಲ ಐದನೇ ಬೆಂಕಿ ಅಂತ ಸಾರಿ ಆಗಿದೆ. ಆಟಗಾರರು ನನ್ನನ್ನ ಸುಡ್ತಾರೆ," ಎಂದರು ಅವರು.

"ನೋಡಿ, ಆಮೇಲೆ ಬೈರಿ," ಎಂದರು ಚಿಕ್ಕಮ್ಮ.

ಪರೀಕ್ಷಕಿ ಹೆಸರು ಸೇರಿಸಿ ಆಟ ನಡೆಸಿದಳು. ಸೈನ್ಯ ಬಂತು. ಮುದುಕ ಕೈ ಚಾಚಿದ, ಒಮ್ಮೆ ಹಿಂದೆ ನೋಡಿದ. ಪರದೆಯ ಕೆಳಗೆ ಚಿಕ್ಕ ಚೌಕದಲ್ಲಿ ಅಕ್ಷರಗಳು ಮೂಡಿದವು: ನಾನಿದ್ದೀನಿ. ಬೆಂಕಿ ಆಮೇಲೆ ಎದ್ದಿತು. ಯಾರೂ ಬೆಂಕಿಯನ್ನು ಗಮನಿಸಲಿಲ್ಲ.

ಮಾತ್ರೆ ವ್ಯವಸ್ಥಾಪಕರ ಬೆನ್ನನ್ನೇ ನೋಡುತ್ತಿದ್ದಳು. ಅವರ ಕೈಯಲ್ಲಿದ್ದ ಚಹಾ ಕೆನೆಗಟ್ಟಿತ್ತು.

"ಇನ್ನೊಂದ್ಸಲ ಹಾಕಿ," ಎಂದರು, ಜಾಹೀರಾತಿನ ಮಾತೆತ್ತದೆ.

ಹಾಕಿದರು. ಮುದುಕ ಕತ್ತು ಹೊರಳಿಸಿದಾಗ ವ್ಯವಸ್ಥಾಪಕರೂ ತಮಗೆ ಗೊತ್ತಿಲ್ಲದೆ ತಿರುಗಿ ನೋಡಿದರು. ಬಾಗಿಲಲ್ಲಿ ಮಾತ್ರೆ ನಿಂತಿದ್ದಳು, ಎರಡೂ ಕೈ ಚೌಕಟ್ಟಿನ ಮೇಲೆ.