ಪಫ್ಪಿನೊಳಗಿನ ಹಾಲು

ಐದು ತಿಂಗಳ ಬಸುರಿ ಸೀತಾಲಕ್ಷ್ಮಿಗೆ ಹಾಲು ಕಂಡರಾಗುತ್ತಿರಲಿಲ್ಲ. ಲೋಟ ಮೂಗಿನ ಹತ್ತಿರ ಬಂದರೆ ಸಾಕು, ಹಿತ್ತಲಿಗೆ ಓಡುತ್ತಿದ್ದಳು. ಮೊಸರೂ ಅಷ್ಟೆ.

“ಮಗು ಮೂಳೆ ಗಟ್ಟಿಯಾಗ್ಬೇಕಲ್ಲ? ಹಾಲಿನ ಸತ್ವ ಹೇಗಾದ್ರೂ ಒಳಗೆ ಹೋಗ್ಲಿ. ಚೀಸ್ ಆದ್ರೂ ಕೊಡಿ,” ಎಂದಿದ್ದರು ಡಾಕ್ಟರಮ್ಮ.

ಗಂಡ ರಾಮಪ್ರಸಾದ ಅಂದೇ ಗಾಂಧಿಬಜಾರಿನ ಬೇಕರಿಯಿಂದ ಚೀಸ್ ಪಫ್ ತಂದ. ಅವಳು ತಿಂದಳು, ದಕ್ಕಿಸಿಕೊಂಡಳು. ಅತ್ತೆ ಪಂಕಜಮ್ಮನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ದಿನಕ್ಕೆರಡು ಪಫ್ಪು. ಊಟ ಅರ್ಧಕ್ಕೇ ಬಿಟ್ಟರೂ ಯಾರೂ ಗದರಲಿಲ್ಲ.

ತಿಂಗಳು ಕಳೆದು ತೂಗಿದರೆ ಎರಡು ಪೌಂಡು ಇಳಿದಿದ್ದಳು.

ಪಂಕಜಮ್ಮ ಜಯನಗರದಿಂದ ನಡೆದೇ ಬೇಕರಿಗೆ ಹೋದರು. “ಅನಂತರಾಮು, ಇದರಲ್ಲಿ ಹಾಲಿನ ಸತ್ವ ಎಷ್ಟಪ್ಪಾ ಇದೆ?”

ಬೇಕರಿಯವನು ಒಂದು ಪಫ್ ಮುರಿದು ತೋರಿಸಿದ. ಎಲೆಎಲೆಯಾದ ಹೊದಿಕೆಯೊಳಗೆ ಉಗುರಿನಷ್ಟು ಹಳದಿ ಚೂರು. “ಇಷ್ಟೇ ನೋಡಿ. ಮಿಕ್ಕಿದ್ದೆಲ್ಲ ಮೈದಾ, ವನಸ್ಪತಿ. ಇದು ನಾಲಗೆಗೆ ಮಾಡಿದ್ದಮ್ಮ, ಮೈಗಲ್ಲ.”

“ಬರೀ ಚೀಸ್ ಕೊಡು ಮತ್ತೆ.”

“ಡಬ್ಬದ್ದು, ಉಪ್ಪುಪ್ಪು. ಬಸುರೀಗೆ ಯಾಕೆ? ಮನೇಲೇ ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ, ಬಟ್ಟೇಲಿ ಕಟ್ಟಿ. ಹಾಲಿನ ವಾಸ್ನೆ ಅಷ್ಟಾಗಿ ಇರಲ್ಲ.”

“ಬಸುರಿ ಇರೋ ಮನೇಲಿ ಹಾಲು ಒಡೆಸೋದಾ! ಬಾಯಲ್ಲಿ ಒಳ್ಳೇ ಮಾತೇ ಬರಲ್ವೇನೋ ನಿಂಗೆ?”

ಬೈದು ಬಂದರು. ಅದಕ್ಕೆ ಕಾರಣವಿತ್ತು: ಅವರ ಚೊಚ್ಚಲ ಬಸುರಿನಲ್ಲಿ ಒಲೆಯ ಮೇಲೆ ಹಾಲು ತಾನಾಗಿ ಒಡೆದಿತ್ತು. ಆ ವಾರವೇ ಮಗು ಹೋಯಿತು. ಅಂದಿನಿಂದ ಹಾಲಿಡುವಾಗಲೆಲ್ಲ ಪಾತ್ರೆ ಎರಡು ಸಲ ತೊಳೆಯುತ್ತಿದ್ದರು.

ಆ ಸಂಜೆ ಗುಡಿಯಲ್ಲಿ ಕಾವ್ಯವಾಚನ. ಗಮಕಿಗಳು ಕ್ಷೀರಸಾಗರ ಕಡೆದ ಪ್ರಸಂಗವನ್ನು ರಾಗವಾಗಿ ಓದುತ್ತಿದ್ದರು. ಪಂಕಜಮ್ಮ ಎಂದಿನಂತೆ ಕಣ್ಣು ಮುಚ್ಚಿ ಕೇಳಿದರು. ಹಾಲಿನ ಕಡಲನ್ನೇ ಕದಡಿದವರು ದೇವತೆಗಳು. ಕೈಯಾರೆ ಕದಡಿದ್ದು, ಬೇಕೆಂದೇ ಕದಡಿದ್ದು. ವಿಷ ಬಂತೆಂದು ಹಗ್ಗ ಬಿಟ್ಟು ಎದ್ದು ಹೋಗಲಿಲ್ಲ.

ಮರುದಿನ ಪೂಜೆ ಮುಗಿಸಿ ಒಲೆಯ ಮುಂದೆ ಕೂತರು. ಹಾಲು ಕಾದ ಮೇಲೆ ನಿಂಬೆಹೋಳು ಕೈಗೆತ್ತಿಕೊಂಡರು. “ಅಪರಾಧವಾದರೆ ನನಗಿರಲಿ, ತಂದೆ,” ಎಂದು ಹಿಂಡಿಬಿಟ್ಟರು. ಹಾಲು ಬಿರಿಯಿತು. ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ, ಮೆಣಸು ಜೀರಿಗೆ ಬೆರೆಸಿ, ಗೋಧಿಹಿಟ್ಟಿನ ತೆಳು ಹಾಳೆಯಲ್ಲಿ ಹೊಟ್ಟೆ ತುಂಬ ತುಂಬಿ ತುಪ್ಪದಲ್ಲಿ ಬೇಯಿಸಿದರು.

“ಅತ್ತೆ, ಒಳಗೇನು?” ಸೊಸೆ ಮೂಸಿ ನೋಡಿದಳು.

ಬಚ್ಚಿಡಬಹುದಿತ್ತು. ಮನಸ್ಸು ಬರಲಿಲ್ಲ. “ಹಾಲು ಕಣೇ. ನಾನೇ ಒಡೆಸಿದೆ.”

ಸೀತಾಲಕ್ಷ್ಮಿಯ ಕೈ ನಿಂತಿತು. ಆ ಹಳೆಯ ಕತೆ ಅವಳಿಗೂ ಗೊತ್ತಿತ್ತು. “ನೀವೇನಾ?”

“ನಾನೇ. ತಿನ್ನು. ಭಯಪಡೋದು ನಾನು ಪಡ್ತೀನಿ.”

ಅವಳು ಒಂದು ತಿಂದಳು, ಇನ್ನೊಂದು ಕೇಳಿದಳು. ಪಂಕಜಮ್ಮ ಹಿತ್ತಲ ಬಾಗಿಲಿಗೆ ಒರಗಿ ಕೂತರು. ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಆ ದಾರಿಯಲ್ಲಿ ಯಾರೂ ಓಡಿ ಬರಲಿಲ್ಲ.