ಪಟ್ಟಿಯಲ್ಲಿಲ್ಲದ ಬೆಂಚು

"ಕಸದ ಬುಟ್ಟಿಗೆ ಕೈ ಹಾಕೋದು ನಿನ್ ಕೆಲ್ಸ ಕಣೇ. ಅದ್ರಲ್ಲಿ ಬಿದ್ದಿರೋದನ್ನ ಓದೋದಲ್ಲ. ಅಲ್ಲಾ, ಓದಕ್ಕಾದ್ರೂ ಬರುತ್ತಾ ನಿಂಗೆ?"

ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥ ಅಶ್ವತ್ಥ್ ಹೀಗೆಂದಾಗ ಕೋಣೆಯಲ್ಲಿದ್ದ ಇಬ್ಬರು ಮೇಷ್ಟ್ರುಗಳು ಮೊಬೈಲಿನಿಂದ ತಲೆಯೆತ್ತದೆಯೇ ನಕ್ಕರು. ಪಟಾಲಮ್ಮ ಬಾಗಿಲ ಬಳಿ ನಿಂತಿದ್ದಳು. ಕೈಯಲ್ಲಿ ಮುದುಡಿದ ಒಂದು ಹಾಳೆ.

"ಅಕ್ಸರ ಬರಾಕಿಲ್ಲ ಸಾಮಿ. ಅಂಕಿ ಬತ್ತದೆ."

ನಿಜವೇ. ಹನ್ನೊಂದು ವರ್ಷದಿಂದ ಈ ಕಾಲೇಜಿನಲ್ಲಿ ಗುತ್ತಿಗೆ ಮೇಲೆ ಕಸ ಗುಡಿಸುತ್ತಿದ್ದಳು. ಪ್ರತಿ ಪರೀಕ್ಷೆಗೂ ಮೊದಲು ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಹುಡುಗರ ನಂಬರು ಬರೆಯುವುದೂ, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಅದನ್ನು ಅಳಿಸುವುದೂ ಅವಳ ಪಾಲಿನ ಕೆಲಸ. ಪಟ್ಟಿ ನೋಡಿ ತಪ್ಪಿಲ್ಲದೆ ಬರೆಯುತ್ತಿದ್ದಳು. ಈ ಹಾಳೆಯ ಮೇಲಿದ್ದದ್ದು 217. ಮಗಳು ನಂದಿತಾಳ ನಂಬರು.

ಇದೇ ಕಾಲೇಜಿನಲ್ಲಿ ಓದಿದ ನಂದಿತಾ, ಬಾಕಿ ಉಳಿದ ಒಂದೇ ಪೇಪರನ್ನು ಮತ್ತೆ ಬರೆಯಲೆಂದು ಒಂದು ತಿಂಗಳ ಹಿಂದೆ ತುಂಬಿಕೊಟ್ಟ ಅರ್ಜಿ ಅದು. ಪಟಾಲಮ್ಮನೇ ತಂದು ಈ ಮೇಜಿನ ಮೇಲೆ ಇಟ್ಟಿದ್ದಳು. ಅರ್ಜಿ ನೋಡಿ ವಿಭಾಗದವರು ಪರೀಕ್ಷಾ ಶಾಖೆಗೆ ಪತ್ರ ಬರೆಯಬೇಕು. ಪತ್ರ ಹೋದರೆ ಪರೀಕ್ಷೆಗೆ ದಿನ ನಿಗದಿಯಾಗುತ್ತದೆ. ಹೋಗದಿದ್ದರೆ ಆ ಪರೀಕ್ಷೆಯೇ ಇಲ್ಲ. ವೇಳಾಪಟ್ಟಿ ಗೋಡೆಗೆ ಅಂಟಿ ಮೂರು ದಿನವಾಗಿತ್ತು. ನಂದಿತಾಳ ಪೇಪರು ಅದರಲ್ಲಿರಲಿಲ್ಲ. "ಅರ್ಜಿ ಬಂದೇ ಇಲ್ಲ" ಎಂದಿದ್ದ ಅಶ್ವತ್ಥ್. ಇವತ್ತು ಶನಿವಾರ, ರದ್ದಿ ಕಟ್ಟುವಾಗ ಅದು ಕೈಗೆ ಸಿಕ್ಕಿತು.

"ನೋಡಿ ಸಾಮಿ, ಇದ್ರ ಮ್ಯಾಲೆ ನೀವು ಕಾಪಿ ಲೋಟ ಮಡಗಿದ್ರಿ. ಕರೆ ಇನ್ನೂ ಅಂಗೇ ಐತೆ."

ಹಾಳೆ ಚಾಚಿದಳು. ಅಶ್ವತ್ಥ್ ಕೈ ಚಾಚಲಿಲ್ಲ. ಹನ್ನೊಂದು ವರ್ಷದಲ್ಲಿ ಆತ ಅವಳ ಕೈಯಿಂದ ಏನನ್ನೂ ತೆಗೆದುಕೊಂಡವನಲ್ಲ. ಬೀಗದ ಕೈ, ಟಪಾಲು, ನೀರಿನ ಬಾಟಲಿ, ಎಲ್ಲವೂ ಮೇಜಿನ ತುದಿಗೆ ಬರಬೇಕು. ಅವಳು ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ಆತ ಎತ್ತಿಕೊಳ್ಳುತ್ತಿದ್ದ.

"ಅಲ್ಲಿಡು. ಹಳೇ ಸಿಲಬಸ್ಸು ಅದು. ಅದ್ರಲ್ಲಿ ಉಳ್ಕೊಂಡಿರೋಳು ನಿನ್ ಮಗಳು ಒಬ್ಳೇ. ಒಬ್ಳಿಗೋಸ್ಕರ ಪ್ರಶ್ನೆಪತ್ರಿಕೆ ಮಾಡ್ಸಿ, ರೂಮ್ ಕೊಟ್ಟು, ಒಬ್ಬ ಮೇಷ್ಟ್ರನ್ನ ಮೂರು ಗಂಟೆ ಕಾವಲು ಕೂರಿಸ್ಲಾ? ಯಾವ ಮಹಾರಾಣಿ ಅವ್ಳು?"

"ಈ ಸಲ ಬುಟ್ರೆ ಮತ್ತೆ ಬರಿಯಂಗಿಲ್ಲ ಸಾಮಿ. ಆರು ವರ್ಸ ಮುಗೀತದೆ. ಡಿಗ್ರೀನೇ ಓಯ್ತದೆ."

"ಹೋದ್ರೆ ಹೋಗ್ಲಿ ಬಿಡು. ನಮ್ಮಪ್ಪನ ರಾಜಾನುಕುಂಟೆ ಹೊಲ್ದಲ್ಲಿ ಕಳೆ ಕೀಳ್ತಿದ್ದೋಳು ನೀನು. ಪಾಪ ಅಂತ ಇಲ್ಲಿ ಸೇರಿಸಿದ್ದು. ಮುಚ್ಕೊಂಡು ಕೆಲ್ಸ ನೋಡು. ಹೋಗು, ಎಕ್ಸಾಮ್ ಸೆಕ್ಷನ್ನೋರನ್ನ ಕೇಳ್ಕೋ."

ಹಾಳೆಯನ್ನು ಅವಳು ಮೇಜಿನ ಮೇಲೆ ಇಡಲಿಲ್ಲ.

ಪರೀಕ್ಷಾ ಶಾಖೆಯ ಕಿಟಕಿಯ ಹಿಂದೆ ಸೂಪರಿಂಟೆಂಡೆಂಟ್ ರವಿಕಿರಣ ಪುಳಿಯೋಗರೆ ತಿನ್ನುತ್ತಿದ್ದ. ಹಾಳೆಯನ್ನು ದೂರದಿಂದಲೇ ನೋಡಿ ತಲೆಯಾಡಿಸಿದ.

"ಡಿಪಾರ್ಟ್‌ಮೆಂಟಿಂದ ಲೆಟರ್ ತಗೊಂಬಾಮ್ಮ. ನಾವು ಅವ್ರು ಕೇಳಿದ್ದಕ್ಕೆ ಡೇಟ್ ಕೊಡೋರು ಅಷ್ಟೇ."

"ಅವ್ರು ನಿಮ್ಮನ್ನ ಕೇಳು ಅಂತಾರೆ."

"ನಮ್ಮನ್ನ ಕೇಳಿದ್ರೆ ಅವ್ರನ್ನ ಕೇಳು ಅಂತೀವಿ. ಅಲ್ದೆ ಈಗ ಪೋರ್ಟಲ್ ಬೇರೆ ಮುಚ್ಚೋಗಿದೆ."

"ಯಾವ ರೂಮು ಸಾಮಿ ಅದು? ಬೀಗದ ಕೈ ಎಲ್ಲಾ ನನ್ನ ತಾವೇ ಐತೆ, ಈಗ್ಲೇ ತೆಗೀತೀನಿ."

ರವಿಕಿರಣನಿಗೆ ನಗು ನೆತ್ತಿಗೇರಿ ಕೆಮ್ಮು ಬಂತು. "ಅದು ಕಂಪ್ಯೂಟರ್ ಒಳಗಿರೋದಮ್ಮ," ಎಂದು ಕಿಟಕಿಯ ಬಾಗಿಲು ಎಳೆದುಕೊಂಡ. ಊಟದ ಹೊತ್ತಾಗಿತ್ತು. ಅವಳು ಗಾಜಿನ ಈಚೆ ಇನ್ನಷ್ಟು ಹೊತ್ತು ನಿಂತಿದ್ದಳು. ಅವಳೇ ಬೆಳಿಗ್ಗೆ ಒರೆಸಿದ ಗಾಜು.

ಸೋಲದೇವನಹಳ್ಳಿಯ ಶೀಟಿನ ಮನೆಯಲ್ಲಿ ನಂದಿತಾ ಆ ಹಾಳೆಯನ್ನು ತುಂಬ ಹೊತ್ತು ನೋಡಿದಳು. ಅಪ್ಪ ಹೆಬ್ಬಾಳದ ಅಪಾರ್ಟ್‌ಮೆಂಟೊಂದರ ಕೊಳಚೆ ಗುಂಡಿಗಿಳಿದು ಮೇಲೆ ಬರದಿದ್ದ ವಾರ ಈ ಪರೀಕ್ಷೆ ಮೊದಲ ಸಲ ತಪ್ಪಿತ್ತು. ಆಮೇಲೆ ತಣಿಸಂದ್ರದ ಅಂಗಡಿಯಲ್ಲಿ ದಿನವಿಡೀ ಬಿಲ್ಲು ಹಾಕಿ ಬಂದು ಓದಿ ಎರಡು ಸಲ ಬರೆದಿದ್ದಳು. ಒಮ್ಮೆ ನಾಲ್ಕು ಮಾರ್ಕಿಗೆ ಹೋಯಿತು, ಒಮ್ಮೆ ಎರಡು ಮಾರ್ಕಿಗೆ.

"ಲೋಟ ಇಡಕ್ಕೆ ಬೇರೆ ಪೇಪರ್ ಸಿಗ್ಲಿಲ್ವಂತಾ?" ಎಂದಳು. ಎದ್ದು ಗೋಡೆಗೆ ಅಂಟಿಸಿದ್ದ ಸೂತ್ರಗಳ ಚೀಟಿಗಳನ್ನು ಒಂದೊಂದಾಗಿ ಕೀಳತೊಡಗಿದಳು. ಸುಣ್ಣ ಚಕ್ಕೆಚಕ್ಕೆಯಾಗಿ ಉದುರಿತು.

ಅವಳು ಅತ್ತಿದ್ದರೆ ಪಟಾಲಮ್ಮನಿಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು.

"ಬುಡು ಅದನ್ನ," ಎಂದಳು. "ಸೋಮವಾರ ಅತ್ತು ಗಂಟೆಗೆ ಕಾಲೇಜ್ ತಾವ ಬಾ."

"ಏನಕ್ಕಮ್ಮಾ? ಡೇಟೇ ಕೊಟ್ಟಿಲ್ಲ."

"ಪೆನ್ನು ಮಡಿಕ್ಕಂಡ್ ಬಾ."

ಸೋಮವಾರ ಪರೀಕ್ಷೆಯ ಮೊದಲ ದಿನ. ಪಟಾಲಮ್ಮ ಏಳಕ್ಕೇ ಬಂದು ಪಟ್ಟಿಯಲ್ಲಿದ್ದ ನಂಬರುಗಳನ್ನೆಲ್ಲ ಬರೆದು ಮುಗಿಸಿದಳು. ಒಂದು ಬೆಂಚು ಉಳಿಯಿತು. ಅದನ್ನು ಒಬ್ಬಳೇ ಎಳೆಯುವುದನ್ನು ಕಂಡು ವಾಚ್‌ಮನ್ ತಾಜುದ್ದೀನ್ ಓಡಿ ಬಂದ.

"ಏನಮ್ಮಾ ಮಾಡ್ತಿದ್ದೀಯ? ನೌಕ್ರಿ ಹೋಗ್ತದೆ!"

"ಓಗ್ಲಿ. ಆ ಕಡೆ ಇಡ್ಕಳಿ ಸಾಬ್ರೇ."

ತಾಜುದ್ದೀನ್ ಅತ್ತಿತ್ತ ನೋಡಿದ. ತಲೆಯ ಮೇಲಿನ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಇನ್ನೊಂದು ತುದಿ ಹಿಡಿದ.

ಹತ್ತು ಗಂಟೆಗೆ ಅಶ್ವತ್ಥ್ ಬಂದಾಗ ಆತನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಆ ಬೆಂಚಿತ್ತು. ಮೇಲೆ ಸೀಮೆಸುಣ್ಣದಲ್ಲಿ, ದಪ್ಪಗೆ, 217. ನಂದಿತಾ ಕೂತಿದ್ದಳು. ಮುಂದೆ ಕಾಫಿ ಕರೆಯ ಅರ್ಜಿ, ಬಿಳಿ ಹಾಳೆ, ಪೆನ್ನು. ಪರೀಕ್ಷೆಯ ಕೋಣೆಗೆ ಹೋಗಬೇಕಾದ ಹುಡುಗರು ಹೋಗದೆ ನಿಂತಿದ್ದರು. ರವಿಕಿರಣ ಕೈಯಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಿದ್ದ.

"ಯಾವ ಬೇವರ್ಸಿ ಇದನ್ನ ಇಲ್ಲಿ ಹಾಕಿದ್ದು? ಏಳೇ ಮೇಲೆ!"

ನಂದಿತಾ ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ನಾನೇ ಆಕಿದ್ದು ಸಾಮಿ," ಎಂದಳು ಪಟಾಲಮ್ಮ. "ಪ್ರಸ್ನೆ ಕೊಡಿ. ಬರೀತಾಳೆ. ಪೇಲಾದ್ರೆ ಅವಳ ಅಣೆಬರ. ಕೂರಕ್ಕೇ ಬುಡಲ್ಲ ಅನ್ನಕ್ಕೆ ನೀವ್ಯಾರು?"

"ಕಾಂಟ್ರ್ಯಾಕ್ಟರ್ಗೆ ಫೋನ್ ಮಾಡ್ತೀನಿ ನೋಡು. ಇವತ್ತೇ ಕಡೆ ನಿಂಗೆ. ಅಳ್ಸು ಆ ನಂಬರ್ನ! ಅಳ್ಸೇ ಲೋಫರ್!"

ಇಷ್ಟು ವರ್ಷ 'ಅಳ್ಸು' ಎಂಬ ಮಾತಿಗೆ ಅವಳ ಕೈ ತಾನಾಗಿ ಓಡುತ್ತಿತ್ತು. ಈಗಲೂ ಬಕೆಟ್ಟಿನ ಕಡೆ ಬಾಗಿದಳು. ಒದ್ದೆ ಬಟ್ಟೆ ಎತ್ತಿದಳು, ಹಿಂಡಲಿಲ್ಲ. ಬೆಂಚಿನ ಹತ್ತಿರ ಹೋಗದೆ ನೇರ ಅಶ್ವತ್ಥನ ಎದುರಿಗೆ ಬಂದು ನಿಂತಳು. ಅಷ್ಟು ಹತ್ತಿರ ಅವಳು ಎಂದೂ ನಿಂತಿರಲಿಲ್ಲ.

"ನಾನು ಬರ್ದಿದ್ದು. ನಾನು ಅಳ್ಸಲ್ಲ," ಎಂದು ಬಟ್ಟೆಯನ್ನು ಆತನತ್ತ ಚಾಚಿದಳು. "ನೀವೇ ಅಳ್ಸಿ. ಇಡ್ಕಳಿ."

ಇಡಲು ಅಲ್ಲಿ ಮೇಜಿರಲಿಲ್ಲ. ಅಶ್ವತ್ಥ್ ಆ ಕೈಯನ್ನು ನೋಡಿದ, ಹುಡುಗರನ್ನು ನೋಡಿದ. ಅವರಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಆತನ ಬಲಗೈ ಸೊಂಟದಿಂದ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು.

ಗಂಟೆ ಹೊಡೆಯಿತು. ನಂದಿತಾ ಬಿಳಿ ಹಾಳೆಯ ತುದಿಯಲ್ಲಿ ತನ್ನ ನಂಬರು ಬರೆದು, ಕೆಳಗೊಂದು ಗೆರೆ ಎಳೆದು, ಕಾದಳು.

ಬಟ್ಟೆಯ ನೀರು ಅಶ್ವತ್ಥನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಪಟಾಲಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.